ಬಳೆಗೆ ಜಾಗ ಬಿಟ್ಟ ಗ್ಲೌಸ್

ಮೊದಲು ಹಟ ಹಿಡಿದದ್ದು ಬಲಗೈ ಹೆಬ್ಬೆರಳು.

ಬೆಳಿಗ್ಗೆ ಬ್ಲೌಸ್ ಪೀಸ್ ಕತ್ತರಿಸಲು ಕೂತಿದ್ದೆ. ಕತ್ತರಿಯ ಹಿಡಿಯೊಳಗೆ ಬೆರಳು ತೂರಲಿಲ್ಲ. ಊದಿಕೊಂಡಿತ್ತು. ನನಗೆ ಅನುಮಾನ ಬಂದದ್ದು ಬೆರಳ ಮೇಲಲ್ಲ, ಕತ್ತರಿಯ ಮೇಲೆ. ಸಾಣೆ ಹಿಡಿಯುವವನು ಏನೋ ಎಡವಟ್ಟು ಮಾಡಿದ್ದಾನೆ ಎಂದುಕೊಂಡೆ. ನನ್ನ ಬುದ್ಧಿಯೇ ಅಂಥದ್ದು. ತರಕಾರಿ ಗಾಡಿಯ ತಕ್ಕಡಿಯಿಂದ ಹಿಡಿದು ಟಿವಿಯ ಹವಾಮಾನ ವರದಿಯವರೆಗೆ ಯಾವುದನ್ನೂ ಸುಲಭಕ್ಕೆ ನಂಬಿದವಳಲ್ಲ.

ಆಮೇಲೆ ಎಡಗೈ. ಆಮೇಲೆ ಎರಡೂ ಮಣಿಕಟ್ಟು.

ಶಿರಾದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಲೇಡೀಸ್ ಟೈಲರಿಂಗ್ ನಡೆಯುತ್ತದೆ. ಮಿಷನ್ ತುಳಿಯುವುದು ಕಾಲು, ಆದರೆ ಕತ್ತರಿಸುವುದು, ಹುಕ್ಸ್ ಹಾಕುವುದು, ಕೈಹೊಲಿಗೆ ಎಲ್ಲ ಬೆರಳಿನ ಕೆಲಸ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಬಿಸಿಲು ಏರುವ ಹೊತ್ತಿಗೆ ಸ್ವಲ್ಪ ಸಡಿಲವಾಗುತ್ತಿದ್ದವು. ಮುದ್ದೆ ತಿರುವಲು ಹೋಗಿ ಕೋಲು ಕೈಯಿಂದ ಜಾರಿದ ದಿನ ನಮ್ಮತ್ತೆ ಬಂದು ನನ್ನನ್ನು ಒಲೆಯ ಮುಂದಿನಿಂದ ಸರಿಸಿದರು. ಅವರು ಗೌಡಗೆರೆ ಕಡೆಯವರು, ಮಾತು ಕಮ್ಮಿ. ಮಾವ ತೀರಿಕೊಂಡ ಮೇಲೆ ಇನ್ನೂ ಕಮ್ಮಿಯಾಗಿತ್ತು. ಏನೂ ಹೇಳದೆ ಮುದ್ದೆ ಕಟ್ಟಿದರು. ಮನಸ್ಸಿನಲ್ಲಿ ಏನೋ ಅಂದುಕೊಳ್ಳುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ತುಮಕೂರಿನ ಆಸ್ಪತ್ರೆಗೆ ಹೋದೆವು. ರಕ್ತ ಕೊಟ್ಟೆ, ಎಕ್ಸ್‌ರೇ ತೆಗೆದರು. ಡಾಕ್ಟರ್ ಹೆಣ್ಣುಮಗಳು, ನನಗಿಂತ ಚಿಕ್ಕವರು. ನನ್ನ ಒಂದೊಂದು ಬೆರಳಿನ ಗಂಟನ್ನೂ ಒತ್ತಿ ನೋಡಿದರು.

"ರುಮಟಾಯ್ಡ್ ಆರ್ಥ್ರೈಟಿಸ್" ಅಂದರು.

"ವಾಸಿ ಆಗುತ್ತಾ?"

"ಹತೋಟಿಯಲ್ಲಿ ಇಡಬಹುದು."

ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಬ್ಲೌಸ್ ಯಾವಾಗ ಕೊಡ್ತೀರಾ ಎಂದು ಗಿರಾಕಿ ಕೇಳಿದರೆ ನಾನೂ ಹೀಗೆಯೇ ಜಾರಿಕೊಳ್ಳುತ್ತೇನೆ. ಹಾಗಾಗಿ ಆ ಉತ್ತರ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಮಾತ್ರೆ ವಾರಕ್ಕೊಮ್ಮೆ ಮಾತ್ರ, ಅದೂ ಗೊತ್ತು ಮಾಡಿದ ದಿನವೇ ನುಂಗಬೇಕಂತೆ. ಇದೇನು ಶನಿವಾರದ ವ್ರತವೇ ಅಂದುಕೊಂಡೆ. ಅದರ ಜೊತೆಗೆ ಕಂಪ್ರೆಷನ್ ಗ್ಲೌಸ್ ಬರೆದರು. ಬೆರಳ ತುದಿ ಬಿಟ್ಟು ಉಳಿದ ಕೈಯನ್ನು ಮಣಿಕಟ್ಟಿನವರೆಗೂ ಮುಚ್ಚುವ ಬಿಗಿ ಕೈಗವಸು. ಕಾಯಿಲೆ ವಾಸಿ ಮಾಡುವುದಿಲ್ಲ, ಊತ ಮತ್ತು ಬಿಗಿತಕ್ಕೆ ಸ್ವಲ್ಪ ಆರಾಮ ಕೊಡುತ್ತದೆ ಅಷ್ಟೆ ಎಂದು ಡಾಕ್ಟರೇ ಹೇಳಿದರು. ಕೊಡುವವರೇ ಹೀಗೆ ಅಂದರೆ ಹಾಕಿಕೊಳ್ಳುವವಳು ಏನನ್ನು ನಂಬಬೇಕು?

ಮನೆಗೆ ತಂದು ಗ್ಲೌಸ್ ಒಳಮೈ ತಿರುಗಿಸಿ ಹೊಲಿಗೆ ನೋಡಿದೆ. ಎಳೆದು ಬಿಟ್ಟೆ. ಲೆಗಿನ್ಸ್ ಬಟ್ಟೆಯ ಅಣ್ಣನೋ ತಮ್ಮನೋ. ಇದು ಮೂಳೆ ನೋವು ಇಳಿಸುವುದಾದರೆ ಊರಿನ ಹುಡುಗಿಯರಿಗೆಲ್ಲ ಮಂಡಿ ನೋವೇ ಬರಬಾರದಿತ್ತು. ಆದರೂ ಹಾಕಿದೆ. ಅಲ್ಲಿ ಶುರುವಾಯಿತು ನಿಜವಾದ ತೊಂದರೆ.

ನನ್ನ ಕೈತುಂಬ ಗಾಜಿನ ಬಳೆ.

ನಮ್ಮಲ್ಲಿ ಹೊಸ ಬಳೆ ತೊಡಿಸುವಾಗಲೂ ಬಳೆಗಾರ ಹಳೆಯದೊಂದನ್ನು ಕೈಯಲ್ಲೇ ಬಿಟ್ಟಿರುತ್ತಾನೆ. ಹೊಸದು ಏರಿದ ಮೇಲೆಯೇ ಅದನ್ನು ತೆಗೆಯುವುದು. ಮುತ್ತೈದೆಯ ಕೈ ಒಂದು ಗಳಿಗೆಯೂ ಬರಿದಾಗಬಾರದು. ಇನ್ನು ನನ್ನ ಗಂಡ ನಾಗರಾಜು ಲಾರಿ ಡ್ರೈವರ್. ಹಗಲೂ ರಾತ್ರಿ ಹೈವೇಯಲ್ಲೇ ಇರುತ್ತಾರೆ. ಯಾವುದನ್ನೂ ನಂಬದ ನಾನು ಇದೊಂದನ್ನು ನಂಬಿದ್ದೆ. ನಂಬಿದ್ದೆ ಅನ್ನುವುದಕ್ಕಿಂತ, ನಂಬದೇ ಇರಲು ಧೈರ್ಯ ಇರಲಿಲ್ಲ.

ಬಳೆಯ ಮೇಲೆ ಗ್ಲೌಸ್ ಎಳೆದರೆ ಗಾಜು ಮಣಿಕಟ್ಟಿಗೆ ಒತ್ತುತ್ತಿತ್ತು. ಟೈಲರ್ ಆಗಿ ನಾನು ಮಾಡಬೇಕಾದ್ದನ್ನು ಮಾಡಿದೆ. ಮಣಿಕಟ್ಟಿನ ಹತ್ತಿರ ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿ, ಮಿಕ್ಕ ಬಟ್ಟೆಯ ಪಟ್ಟಿ ಸೇರಿಸಿ, ಬಳೆಗಳು ಆರಾಮಾಗಿ ಕೂರುವಷ್ಟು ಅಗಲ ಮಾಡಿ ಓವರ್‌ಲಾಕ್ ಹಾಕಿದೆ. ಫಿಟ್ಟಿಂಗ್ ನೋಡಿ ನನಗೇ ಹೆಮ್ಮೆಯಾಯಿತು. ಸಲ್ವಾರ್ ಹೊಲಿಸಲು ಬಂದ ಪಕ್ಕದ ಬೀದಿಯ ಮುಮ್ತಾಜ್ ಆಪಾ "ಏನಮ್ಮಾ ಇದು, ಬೈಕ್ ತಗೊಂಡ್ಯಾ?" ಎಂದು ನಕ್ಕರು.

ಬೆರಳಿನ ಊತ ಕೊಂಚ ಇಳಿಯಿತು. ಮಣಿಕಟ್ಟು ಇಳಿಯಲಿಲ್ಲ. ಬರುಬರುತ್ತಾ ಬಳೆಗಳು ಆಡುವುದೇ ನಿಂತುಹೋಯಿತು. ಸಂಜೆಯ ಹೊತ್ತಿಗೆ ಅವು ಚರ್ಮದಲ್ಲಿ ಹೂತು ಗೆರೆ ಮೂಡಿಸುತ್ತಿದ್ದವು. ನಾನು ಅಂದುಕೊಂಡದ್ದೇ ಸರಿ, ಈ ಗ್ಲೌಸ್ ದಗಾ ಎಂದು ತೀರ್ಮಾನಿಸಿದೆ. ಅದನ್ನು ಮುಖಕ್ಕೇ ಹೇಳೋಣ ಎಂದು ಮತ್ತೆ ತುಮಕೂರಿಗೆ ಹೋದೆ.

ಡಾಕ್ಟರ್ ಗ್ಲೌಸನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನ ಯಾರು ಹೀಗೆ ಮಾಡಿದ್ದು?"

"ನಾನೇ, ಮೇಡಂ."

"ತುಂಬಾ ನೀಟಾಗಿ ಮಾಡಿದೀರ. ಆದರೆ ಎಲ್ಲಿ ಹಿಡಿತ ಬೇಕೋ ಅಲ್ಲೇ ಬಿಚ್ಚಿಬಿಟ್ಟಿದೀರಲ್ಲಮ್ಮ." ನನ್ನ ಮಣಿಕಟ್ಟು ಹಿಡಿದು ಬಳೆ ಸರಿಸಲು ನೋಡಿದರು. ನಾನು ಕಿರುಚಿದೆ. "ಇವನ್ನ ಇವತ್ತೇ ತೆಗೀಬೇಕು. ಇನ್ನೊಂದು ಚೂರು ಊದಿದರೆ ತೆಗೆಯೋಕೆ ಆಗಲ್ಲ. ಆಮೇಲೆ ಒಡೀಬೇಕಾಗುತ್ತೆ."

ಒಡೆಯುವುದು.

ಅವರ ಕೈ ನೋಡಿದೆ. ಒಂದು ವಾಚು ಬಿಟ್ಟರೆ ಏನೂ ಇರಲಿಲ್ಲ. ಇವರಿಗೇನು ಗೊತ್ತು ಎಂದು ಸಿಟ್ಟು ಬಂತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಎದುರಿಗೆ ಬಂದ ಲಾರಿಗಳನ್ನೇ ನೋಡುತ್ತಾ ಕೂತಿದ್ದೆ.

ಮನೆಯಲ್ಲಿ ಅತ್ತೆಗೆ ಹೇಳಲು ಹೆದರಿಕೆ. ಮಗನ ಆಯುಸ್ಸಿನ ಮಾತು, ಯಾವ ತಾಯಿ ತಾನೇ ಒಪ್ಪುತ್ತಾಳೆ? ಅವರು ಬೇಡ ಅನ್ನಲಿ, ನನಗೂ ಒಂದು ನೆವ ಸಿಗಲಿ ಎಂದೂ ಒಳಗೊಳಗೇ ಇತ್ತು. ಎಲ್ಲ ಕೇಳಿಸಿಕೊಂಡ ಅವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿ, ಒಂದು ತೆಳು ಪ್ಲಾಸ್ಟಿಕ್ ಕವರ್.

"ಕೈ ಕೊಡು ಇತ್ಲಾಗೆ."

"ಅವರು ದಾವಣಗೆರೆಯಿಂದ ಬರಲಿ ಅತ್ತೆ, ಆಮೇಲೆ ನೋಡೋಣ."

"ಆಮ್ಯಾಕೆ ಒಡೀಬೇಕು ಅಂದವ್ರಲ್ಲ. ಒಡ್ಯದು ನೋಡ್ತಾ ಕುಂತ್ಕಳಕ್ಕೆ ನನ್ ಕೈಲಾಗಕಿಲ್ಲ ಕಣಮ್ಮ. ಕೊಡು."

ಎಣ್ಣೆ ಸವರಿದರು. ಕವರನ್ನು ಕೈಗೆ ತೊಡಿಸಿ, ಅದರ ಮೇಲೆ ಒಂದೊಂದೇ ಬಳೆ ಜಾರಿಸಿದರು. ನೋವಿಗೋ ಭಯಕ್ಕೋ, ಅಳು ಮಾತ್ರ ನಿಲ್ಲಲಿಲ್ಲ. ಕೊನೆಯ ಬಳೆ ಹೊರಬಂದ ತಕ್ಷಣ ಗಂಡನಿಗೆ ಫೋನ್ ಮಾಡಿದೆ.

ರಿಂಗ್ ಆಯಿತು. ಎತ್ತಲಿಲ್ಲ.

ಮತ್ತೆ ಮಾಡಿದೆ. ಎತ್ತಲಿಲ್ಲ. ಗಾಡಿ ಓಡಿಸುವಾಗ ಅವರು ಫೋನ್ ಎತ್ತುವುದಿಲ್ಲ ಎಂದು ನನಗೆ ಗೊತ್ತಿದೆ. ಆ ಹೊತ್ತಿಗೆ ಅದು ತಲೆಗೇ ಬರಲಿಲ್ಲ. ಅತ್ತೆಯ ಕಡೆ ತಿರುಗಿ ಕೂಗಾಡಿಬಿಟ್ಟೆ. "ನೀವೇ ತೆಗೆದದ್ದು! ಏನಾದರೂ ಆದರೆ ನೀವೇ!"

ಅವರು ಕವರ್ ಮಡಚುತ್ತಿದ್ದರು. ತಲೆ ಎತ್ತಲಿಲ್ಲ.

"ನಿಮ್ಮಾವ ಹೋದ್ ದಿನ ನನ್ ಕೈತುಂಬಾ ಬಳೆ ಇದ್ವು ಕಣಮ್ಮ. ಇಬ್ಬರು ಕುಂತು ಒಡುದ್ರು. ಅಷ್ಟಿದ್ವು."

ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಅವರ ಬೋಳು ಕೈ ನೋಡಿದ್ದೇನೆ. ಅದನ್ನು ಅವರು ಹೇಗೆ ಹೊತ್ತುಕೊಂಡಿದ್ದಾರೆ ಎಂದು ಕೇಳಬೇಕು ಅನ್ನಿಸಿರಲಿಲ್ಲ. ಅವರ ಮೌನವನ್ನೆಲ್ಲ ನನ್ನ ಮೇಲಿನ ದೂರು ಎಂದೇ ಲೆಕ್ಕ ಹಾಕಿದ್ದೆ. ಈಗ ಆ ಕೈ ಹಿಡಿದುಕೊಂಡೆ. ಎಣ್ಣೆಗೆ ಇಬ್ಬರ ಕೈಯೂ ಜಾರುತ್ತಿತ್ತು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಹಿರಿಯೂರು ದಾಟಿದ ಮೇಲೆ ಟೀ ಕುಡಿಯಲು ನಿಲ್ಲಿಸಿದ್ದರಂತೆ. ಅಳುತ್ತಾ ಎಲ್ಲ ಹೇಳಿದೆ.

"ನಾನ್ ಬ್ರೇಕ್ ನಂಬ್ಕಂಡು ಗಾಡಿ ಓಡಿಸ್ತೀನಿ ಕಣೇ, ನಿನ್ ಬಳೆ ನಂಬ್ಕಂಡಲ್ಲ. ಆ ಗ್ಲೌಸ್ ಹಾಕ್ಕೊ ಮೊದ್ಲು."

ಹೊಸ ಜೊತೆ ತಂದೆ. ಈ ಸಲ ಬ್ಲೇಡ್ ಮುಟ್ಟಲಿಲ್ಲ. ಬೆರಳು ಜೋಮು ಹಿಡಿದರೆ ತೆಗೆಯಬೇಕು ಎಂದು ಡಾಕ್ಟರ್ ಹೇಳಿದ್ದರಿಂದ ಆಗಾಗ ತುದಿ ಮುಟ್ಟಿ ನೋಡಿಕೊಳ್ಳುತ್ತೇನೆ. ಮಣಿಕಟ್ಟಿನ ಊತ ಈಗ ಕಡಿಮೆಯಾಗಿದೆ. ಗ್ಲೌಸಿನಿಂದಲೋ, ವಾರದ ಮಾತ್ರೆಯಿಂದಲೋ, ಬಳೆ ತೆಗೆದದ್ದರಿಂದಲೋ, ಯಾರಿಗೂ ಪೂರ್ತಿ ಕ್ರೆಡಿಟ್ ಕೊಡಲು ನನಗೆ ಮನಸ್ಸಿಲ್ಲ. ಕೆಲವು ಬೆಳಗುಗಳಲ್ಲಿ ಬೆರಳು ಇನ್ನೂ ಮುಷ್ಕರ ಹೂಡುತ್ತವೆ. ಆದರೆ ಕತ್ತರಿ ಹಿಡಿಯುತ್ತಿದ್ದೇನೆ. ದಪ್ಪ ಬಟ್ಟೆಯ ಕೆಲಸ ಒಪ್ಪಿಕೊಳ್ಳುವುದಿಲ್ಲ.

ಮೊನ್ನೆ ಎದುರುಮನೆಯಲ್ಲಿ ಪೂಜೆ. ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಗ್ಲೌಸ್ ಹಾಕಿಕೊಂಡು ಹೋಗಲು ಮುಜುಗರವಾಗಿ ತೆಗೆದಿಟ್ಟು ಹೋದೆ. ಮನೆಯಾಕೆ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಬರುತ್ತಾ ನನ್ನ ಮುಂದೆ ನಿಂತಳು. ಅವಳ ಕಣ್ಣು ನನ್ನ ಬರಿ ಮಣಿಕಟ್ಟಿನ ಮೇಲೆ ಬಿತ್ತು. ಕೈ ಅಲ್ಲೇ ನಿಂತಿತು. ಆ ಅನುಮಾನದ ನೋಟ ನನಗೆ ಹೊಸದಲ್ಲ. ಎಲ್ಲರನ್ನೂ ಹಾಗೆಯೇ ನೋಡಿ ಅಭ್ಯಾಸವಿದ್ದವಳು ನಾನು.

"ಅವರು ಚೆನ್ನಾಗವ್ರೆ ಕಣಮ್ಮ," ಅಂದೆ. "ಕಡಲೆಕಾಯಿ ಲೋಡ್ ತಗಂಡು ಹುಬ್ಬಳ್ಳಿಗೆ ಹೋಗವ್ರೆ. ಕೈ ನೋವಿತ್ತು, ತೆಗೆದಿಟ್ಟಿವ್ನಿ."

ಅವಳು ನಾಚಿಕೊಂಡು ನನ್ನ ಹಣೆಗೆ ಕುಂಕುಮ ಇಟ್ಟಳು. ತಟ್ಟೆಯಿಂದ ಒಂದು ಚಿಟಿಕೆ ತೆಗೆದು ನಾನೂ ಅವಳ ಹಣೆಗಿಟ್ಟೆ. ಚಿಟಿಕೆಗೆ ಹೆಬ್ಬೆರಳು ತೋರುಬೆರಳಿಗೆ ಕೂಡಿತ್ತು. ನೋಯಲಿಲ್ಲ.