ಕರಿಹಲಗೆಯ ಮೇಲೆ ಅಪ್ಪನ ದುಂಡಕ್ಷರ

ನಾನು ಚಿಕ್ಕವಳಿದ್ದಾಗ ನಮ್ಮ ಚಾಳಿನ ಪೇಪರು ಗೋಡೆಯ ಮೇಲೆ ತೂಗುತ್ತಿತ್ತು. ನಗಬೇಡಿ, ನಿಜ ಹೇಳುತ್ತಿದ್ದೇನೆ. ಮುಂಬಯಿಯ ಕುರ್ಲಾದಲ್ಲಿ, ಸಾಲುಕೋಣೆಗಳ ಆ ಚಾಳಿನ ಬಾಗಿಲಲ್ಲಿ, ನೀರಿನ ನಲ್ಲಿಯ ಪಕ್ಕ, ಒಂದು ದೊಡ್ಡ ಕರಿಹಲಗೆ ಇತ್ತು. ದಿನಾ ಬೆಳಿಗ್ಗೆ ಅಪ್ಪ ಅದರ ಮೇಲೆ ಸೀಮೆಸುಣ್ಣದಿಂದ ಮರಾಠಿಯಲ್ಲಿ ಬರೆಯುತ್ತಿದ್ದರು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಯಾರ ಮನೆಯಲ್ಲಿ ನಾಮಕರಣ, ಯಾರ ಕೊಡೆ ಕಳೆದಿದೆ, ಎಲ್ಲವೂ ಅಲ್ಲಿರುತ್ತಿತ್ತು. ಹಬ್ಬ ಬಂದರೆ ಬಣ್ಣದ ನವಿಲೊಂದು ಮೂಡುತ್ತಿತ್ತು. ಧಾರವಾಡದಲ್ಲಿ ಕನ್ನಡ ತಿದ್ದಿದ ಕೈ ಅದು. ಅವರು ಬರೆದ ಮರಾಠಿಯೂ ದುಂಡಗಿರುತ್ತಿತ್ತು. "ಅಪ್ಪಾ, ನಿಮ್ಮ ಅಕ್ಷರಕ್ಕ ಹೊಟ್ಟಿ ಬಂದದ ನೋಡ್ರಿ" ಎಂದು ಅಕ್ಕ ರೇಗಿಸುತ್ತಿದ್ದಳು.

ಆ ವರ್ಷ ಊರೆಲ್ಲ ಕುದಿಯುತ್ತಿತ್ತು. ಮರಾಠಿ ಮಾತಾಡುವವರಿಗೆ ಒಂದು ರಾಜ್ಯ ಬೇಕು, ಮುಂಬಯಿ ಅದರಲ್ಲೇ ಇರಬೇಕು ಎಂದು ಜನ ಬೀದಿಗಿಳಿದಿದ್ದರು. ನಲ್ಲಿಯ ಹತ್ತಿರ ಹೆಂಗಸರು ಭಜನೆಯ ಧಾಟಿಯಲ್ಲಿ ಘೋಷಣೆ ಹಾಡುತ್ತಿದ್ದರು. ನಾವು ಮಕ್ಕಳು ಕುಂಟೆಬಿಲ್ಲೆ ಬಿಟ್ಟು, ಘೋಷಣೆ ಕೂಗುತ್ತ ಮೆರವಣಿಗೆ ಹೋಗುವ ಮೋರ್ಚಾ ಆಟ ಶುರುಮಾಡಿದ್ದೆವು. ನನಗಂತೂ ಖುಷಿಯೋ ಖುಷಿ.

ಆಮೇಲೆ ಒಂದು ಸಂಜೆ ನಾಕಾದ ಕೂಡುರಸ್ತೆಯಲ್ಲಿ ಪೊಲೀಸರ ಗುಂಡು ಹಾರಿತು. ಕರ್ಫ್ಯೂ ಬಂತು. ನಾವು ಚಿಕ್ಕಮ್ಮನಂತೆ ಕಾಕು ಎಂದು ಕರೆಯುತ್ತಿದ್ದ ಎದುರು ಮನೆಯವಳ ಮಗ ಮೋರ್ಚಾಕ್ಕೆ ಹೋದವನು ತಿರುಗಿ ಬರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಬಂದು ಅಪ್ಪನ ಮುಂದೆ ನಿಂತಳು. ಅಪ್ಪ ಹಲಗೆಯನ್ನು ಒರೆಸಿ, ಮೇಲೆ "ಇನ್ನೂ ಮನೆಗೆ ಬಾರದವರು" ಎಂದು ಬರೆದು, ಕೆಳಗೆ ಅವನದೂ ಸೇರಿ ಚಾಳಿನ ಐವರ ಹೆಸರು ಬರೆದರು.

"ನಾವು ಹೊರಗಿನವರು. ನಮಗ್ಯಾಕ ಬೇಕಿತ್ತರಿ ಇದು?" ಎಂದಳು ಅಕ್ಕ.

"ಒಂದ ನಲ್ಲಿ ನೀರು ಕುಡೀತೇವಿ. ಹೊರಗಿನವರು ಹೆಂಗಾದೇವು?" ಎಂದರು ಅಪ್ಪ.

ಮಧ್ಯಾಹ್ನ ಪೊಲೀಸರು ಬಂದರು. ಇಡೀ ಚಾಳಿನಲ್ಲಿ ಪಾತ್ರೆಯ ಸದ್ದೂ ಇಲ್ಲ. ಎಲ್ಲೋ ಅನ್ನ ಸೀಯುತ್ತಿದ್ದ ವಾಸನೆ, ಮರದ ಮೆಟ್ಟಿಲ ಮೇಲೆ ಬೂಟು ಏರುವ ಸದ್ದು. ಅಕ್ಕ ನನ್ನ ಗಲ್ಲ ಹಿಡಿದು ಪಿಸುಗುಟ್ಟಿದಳು: "ಹಲಗಿ ಮ್ಯಾಲೆ ಯಾರು ಬರದ್ರು ಅಂತ ಕೇಳಿದ್ರ ಗೊತ್ತಿಲ್ಲ ಅನ್ನು. ಹೇಳಿದ್ರ ಅಪ್ಪನ್ನ ಒಯ್ತಾರ. ತಿಳೀತೇನು?"

ಮನೆಮನೆಯಲ್ಲೂ ಗೊತ್ತಿಲ್ಲ ಎಂದರು. ಪೊಲೀಸ್ ಸಾಹೇಬ ನಮ್ಮ ಹೊಸ್ತಿಲಿಗೆ ಬಂದಾಗ ನಾನು ಪಾಟಿಯ ಮೇಲೆ ಬಳಪದಿಂದ ಮರಾಠಿ ಕಾಪಿ ಬರೆಯುತ್ತಿದ್ದೆ. ಹಲಗೆಯ ವಿಷಯ ಕೇಳಿದ. ಗೊತ್ತಿಲ್ಲ ಎಂದೆ, ಗಟ್ಟಿಯಾಗಿಯೇ. ಅವನು ನಕ್ಕು, ಬಗ್ಗಿ, ನನ್ನ ಪಾಟಿಯನ್ನು ಕೈಗೆತ್ತಿಕೊಂಡ.

"ಎಷ್ಟು ಮುದ್ದಾದ ಅಕ್ಷರ! ಯಾರು ಕಲಿಸಿದರು?" ಎಂದು ಮರಾಠಿಯಲ್ಲಿ ಕೇಳಿದ.

ಪಾಟಿಯ ಬಗ್ಗೆ ಅಕ್ಕ ಏನೂ ಹೇಳಿಕೊಟ್ಟಿರಲಿಲ್ಲ. ನನಗೆ ಹೆಮ್ಮೆ ಉಕ್ಕಿಬಂತು. "ನಮ್ಮಪ್ಪ" ಎಂದೆ.

ಒಳಗಿದ್ದ ಅಪ್ಪ ಹೊರಬಂದು, ಜೇಬಿನಲ್ಲಿದ್ದ ಸೀಮೆಸುಣ್ಣದ ತುಂಡನ್ನು ಕಿಟಕಿಯಲ್ಲಿಟ್ಟು ಚಪ್ಪಲಿ ಮೆಟ್ಟಿಕೊಂಡರು. ಪೊಲೀಸರ ಜೊತೆ ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಅಕ್ಷರ ಛಲೋ ಬಂದಾವ. ಬರಿಯೋದು ಬಿಡಬ್ಯಾಡ" ಎಂದರು. ನನಗೆ ಆಗ ಅರ್ಥವಾಯಿತು: ಪಾಟಿಯ ಮೇಲೂ ಹಲಗೆಯ ಮೇಲೂ ಒಂದೇ ದುಂಡಕ್ಷರ. ಬಿಕ್ಕಿ ಬಿಕ್ಕಿ ಅತ್ತೆ. ಪೊಲೀಸರು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಹೋದರು.

ಮರುದಿನ ಬೆಳಿಗ್ಗೆ ಹಲಗೆಯ ಮೇಲೆ ಅದೇ ಐದು ಹೆಸರುಗಳಿದ್ದವು, ಒಂದೊಂದೂ ಒಂದೊಂದು ಮನೆಯವರ ಕೈಯಲ್ಲಿ. ಕೆಳಗೆ, ಎಂದೂ ಸೀಮೆಸುಣ್ಣ ಹಿಡಿಯದ ಕಾಕುವಿನ ಸೊಟ್ಟ ಅಕ್ಷರದಲ್ಲಿ, ಆರನೆಯ ಹೆಸರು. ಅದು ಅಪ್ಪನದು.

ಅಪ್ಪ ತಿಂಗಳ ಮೇಲೆ ಮರಳಿದರು. ಕಾಕುವಿನ ಮಗ ಬರಲೇ ಇಲ್ಲ. ಆ ಹಲಗೆಯ ಮೇಲೆ ಮತ್ತೆ ನವಿಲು ಮೂಡಲಿಲ್ಲ.

ಈಗ ನಿಮ್ಮ ಮಲಾಡಿನ ಬಿಲ್ಡಿಂಗಿನಲ್ಲಿ ನೀರು ಬರುವ ಹೊತ್ತೂ ಮೊಬೈಲಿಗೇ ಬರುತ್ತದೆ. ಅದರಲ್ಲಿ ಎಲ್ಲರ ಅಕ್ಷರವೂ ಒಂದೇ ಥರ, ಅಜ್ಜಿ ಸುಮ್ಮನೆ ಹೆದರುತ್ತಾಳೆ ಎಂದು ನಗುತ್ತೀರಿ. ನಗಿ ಮಕ್ಕಳೇ. ಆದರೆ ಮೊನ್ನೆ ಟೀವಿ ರಿಪೇರಿಗೆ ಬಂದವನು ನಿಮ್ಮ ತಂಗಿ ಪುಟ್ಟಿಯ ನೋಟ್‌ಬುಕ್ ನೋಡಿ, "ಚೆನ್ನಾಗಿ ಬರೀತೀಯಲ್ಲ, ಯಾರು ಕಲಿಸಿದ್ದು?" ಎಂದು ಕೇಳಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ. ಪುಟ್ಟಿ ನನ್ನ ಕಡೆ ಬೆರಳು ತೋರಿಸುವ ಮೊದಲೇ ನಾನು ಅವಳ ಕೈ ಹಿಡಿದು, "ಗೊತ್ತಿಲ್ಲ" ಎಂದುಬಿಟ್ಟೆ.