ವಾರಿಜಳಿಗೆ ಟರ್ಕಿ ಕೋಳಿಯ ಅಗೆಲು

ಎಪ್ಪತ್ತು ದಾಟಿದ ಒಬ್ಬ ಮನುಷ್ಯ, ಮುಖಕ್ಕೆ ಹಸಿರು ಬಲೆಯ ಮುಸುಕು ಹಾಕಿಕೊಂಡು, ಬೆಳಕು ಹರಿಯುವ ಮೊದಲು ಕಾಡಿನ ಅಂಚಿನಲ್ಲಿ ನಿಂತು ಗೂಬೆಯ ಹಾಗೆ ಕೂಗಿದ. ನಾನು ಅವನ ಪಕ್ಕದಲ್ಲಿದ್ದೆ. ನನ್ನ ಹೆಂಡತಿ ತೀರಿಹೋಗಿ ಆಗ ನಾಲ್ಕು ತಿಂಗಳು. ನಮ್ಮ ಬೆಳುವಾಯಿಯಲ್ಲಿ ಮನೆಯ ಹತ್ತಿರ ಗೂಬೆ ಕೂಗಿದರೆ ಅಮ್ಮ ಒಲೆಗೆ ಒಂದು ಮುಷ್ಟಿ ಉಪ್ಪು ಎಸೆಯುತ್ತಿದ್ದರು. ಇಲ್ಲಿ ಬೇಕೆಂದೇ ಕೂಗುತ್ತಾರೆ. ಅವನು ಕೂಗಿ ಮುಗಿಸುವ ಮೊದಲೇ ದೂರದ ಮರದ ಮೇಲಿನಿಂದ ಉತ್ತರ ಬಂತು. ಬಾಯಲ್ಲಿ ನೀರು ತುಂಬಿಕೊಂಡು ಯಾರೋ ನಕ್ಕ ಹಾಗೆ.

"ಅಲ್ಲಿದ್ದಾನೆ" ಎಂದ ಡೇಲ್.

ಆ ನಗುವಿಗೆ ಇಲ್ಲಿ 'ಗಾಬಲ್' ಎನ್ನುತ್ತಾರೆ. ಕಾಡಿನ ಟರ್ಕಿ ಕೋಳಿಯ ಹುಂಜ, ಇವರ ಮಾತಿನಲ್ಲಿ 'ಟಾಮ್', ಗೂಬೆಯ ಸ್ವರ ಕೇಳಿದರೆ ಸುಮ್ಮನಿರುವುದಿಲ್ಲ. ಮಲಗಿದ ಕೊಂಬೆಯಿಂದಲೇ ಎದುರು ಮಾತಾಡುತ್ತದೆ. ಯಾವ ಮರದಲ್ಲಿದ್ದೇನೆಂದು ತಾನೇ ಹೇಳಿಕೊಟ್ಟ ಹಾಗಾಯಿತು. ನಾನು ಡೇಲ್‌ನ ಇಂಗ್ಲಿಷನ್ನು ನನಗೆ ತಿಳಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವನ ಇಂಗ್ಲಿಷ್ ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು. ನನ್ನದು ಅವನಿಗೆ ಅರ್ಥವಾಗಲು ಇನ್ನೂ ಹೆಚ್ಚು.

ನಾನು ಮೂಡಬಿದ್ರೆಯಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ಕಂಡಕ್ಟರ್ ಆಗಿದ್ದವ. ಹೆಂಡತಿ ವಾರಿಜ ಮೆಲ್ಕಾರಿನವಳು, ನರ್ಸ್. ಏಳು ವರ್ಷದ ಹಿಂದೆ ಅವಳಿಗೆ ಅಮೆರಿಕದ ಮಿಸೌರಿ ರಾಜ್ಯದ ಈ ಸಣ್ಣ ಊರಿನಲ್ಲಿ, ವೃದ್ಧರನ್ನು ನೋಡಿಕೊಳ್ಳುವ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳಿಲ್ಲದ ನಾವಿಬ್ಬರು ಎರಡು ಪೆಟ್ಟಿಗೆ ಹಿಡಿದು ಬಂದೆವು. ನನಗೆ ಶಾಲೆಯ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು, ಈಗಲೂ ಅದೇ.

ಇಲ್ಲಿ ಬಸ್ಸಿಲ್ಲ. ಇರುವುದು ಶಾಲೆಯ ಹಳದಿ ಬಸ್ಸು ಮಾತ್ರ. ಪಕ್ಕದ ಮನೆಯ ಡೇಲ್ ಮೂವತ್ತು ವರ್ಷ ಅದನ್ನು ಓಡಿಸಿದವ. ನಾನು ಕಂಡಕ್ಟರ್ ಎಂದಾಗ ಹಾಗೆಂದರೇನು ಎಂದು ಕೇಳಿದ. "ಡ್ರೈವರ್ ಮುಂದೆ ನೋಡ್ತಾನೆ, ಹಿಂದೆ ನೋಡುವವ ಕಂಡಕ್ಟರ್" ಎಂದೆ. ಅವನು, "ಮೂವತ್ತು ವರ್ಷ ನೀನು ಎಲ್ಲಿದ್ದೆ ಮಾರಾಯ?" ಎಂಬ ಅರ್ಥದ ಒಂದು ಮಾತು ಹೇಳಿದ. ಅಂದಿನಿಂದ ನಮಗೆ ಸ್ನೇಹ.

ನಮ್ಮ ಬಾಡಿಗೆ ಮನೆ ಮರದ್ದು. ಗೋಡೆಗೆ ಬೆರಳಿನಿಂದ ತಟ್ಟಿದರೆ ಪೆಟ್ಟಿಗೆಯಂತೆ ಸದ್ದಾಗುತ್ತದೆ. ಊರಿನಲ್ಲಿ ಬೆಳಿಗ್ಗೆ ತೆಗೆದ ಬಾಗಿಲನ್ನು ದೀಪ ಹಚ್ಚಿದ ಮೇಲೂ ಹಾಕುತ್ತಿರಲಿಲ್ಲ. ಇಲ್ಲಿ ಬಾಗಿಲನ್ನು ಎಳೆದರೆ ತಾನೇ ಬೀಗ ಬೀಳುತ್ತದೆ. ಮೊದಲ ವಾರದಲ್ಲೇ ವಾರಿಜ ಎರಡು ಸಲ ಹೊರಗೆ ಉಳಿದಳು. ಆಮೇಲೆ ಕೀಯನ್ನು ತಾಳಿಯ ಸರಕ್ಕೇ ಪಿನ್ನು ಹಾಕಿ ಸಿಕ್ಕಿಸಿಕೊಂಡಳು. ಕುಚ್ಚಲಕ್ಕಿ ಬೇಕಾದರೆ ಮೂರು ಗಂಟೆ ಕಾರಿನಲ್ಲಿ ಹೋಗಬೇಕು. ಅದನ್ನು ಬಂಗಾರದ ಹಾಗೆ ಡಬ್ಬಿಯಲ್ಲಿಟ್ಟು ವಾರಕ್ಕೆರಡು ದಿನ ಗಂಜಿ ಮಾಡುತ್ತಿದ್ದೆವು. ಅವಳು ಅದನ್ನು ಕುಡಿಯುತ್ತಿದ್ದುದು ನಿಂತುಕೊಂಡು, ಒಂದು ಡ್ಯೂಟಿ ಮುಗಿಸಿ ಇನ್ನೊಂದಕ್ಕೆ ಹೊರಡುವ ಮಧ್ಯೆ.

"ಕೂತು ಉಣ್ಣು ಮಾರಾಯ್ತಿ" ಎನ್ನುತ್ತಿದ್ದೆ.

"ಕೂತರೆ ಮತ್ತೆ ಏಳುವುದು ಯಾರು? ನೀವು ಎಬ್ಬಿಸ್ತೀರಾ?"

ಅವಳ ಊಟಕ್ಕೆ ನಾಲ್ಕು ನಿಮಿಷ ಸಾಕು. ಐದೂವರೆ ವರ್ಷದಲ್ಲಿ ಆ ಮನೆಯ ಮೇಜಿನ ಮುಂದೆ ಅವಳು ಸಾವಕಾಶ ಕೂತು ಉಂಡದ್ದನ್ನು ನಾನು ನೋಡಿಲ್ಲ. ಕಳೆದ ವರ್ಷಕ್ಕಿಂತ ಹಿಂದಿನ ಡಿಸೆಂಬರಿನಲ್ಲಿ ಎದೆನೋವು ಬಂತು, ಮೂರನೆಯ ದಿನ ಹೋದಳು. ಇಲ್ಲಿಯೇ ದಹನವಾಯಿತು. ಬೂದಿಯನ್ನು ನಾನು ಊರಿಗೆ ಒಯ್ದು ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ ಬಿಟ್ಟೆ. ಮೆಲ್ಕಾರಿನಲ್ಲಿ ಉತ್ತರಕ್ರಿಯೆಯ ಬೊಜ್ಜವೂ ಆಯಿತು. ಊಟ ಮುಗಿಸಿ ಕೈ ತೊಳೆಯುವಾಗ ಎಲ್ಲರೂ ಕೇಳಿದ್ದು ಒಂದೇ: "ಇನ್ನು ಅಲ್ಲಿಗೆ ಯಾಕೆ ಹೋಗುವುದು?" ಅವಳ ಚಳಿಕೋಟು ಅಲ್ಲಿ ಬಾಗಿಲ ಹಿಂದೆ ನೇತಾಡುತ್ತಿದೆ ಎಂದು ಹೇಳಲಾಗುತ್ತದೆಯೇ? ಹೋದೆ.

ಘಟ್ಟದ ಮೇಲಿನ ಓದುಗರಿಗಾಗಿ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ತೀರಿಹೋದವರಿಗೆ 'ಅಗೆಲು' ಬಡಿಸುವ ಕ್ರಮ ಉಂಟು. ಬಾಳೆಲೆ ಹಾಕಿ, ಕೋಳಿ, ರೊಟ್ಟಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಅವರು ಬಂದು ಉಣ್ಣುವಷ್ಟು ಹೊತ್ತು ಯಾರೂ ನೋಡಬಾರದು. ಮತ್ತೆ ಬಾಗಿಲು ತಟ್ಟಿ, ಸ್ವಲ್ಪ ಕೆಮ್ಮಿ, ಒಳಗೆ ಹೋಗಿ ಆ ಎಲೆಯದನ್ನು ನಾವು ಉಣ್ಣುವುದು. ಕೋಳಿ ಅಂಗಳದಲ್ಲಿ ಕೂಗಿ ಬೆಳೆದ ಹುಂಜವಾದರೆ ಒಳ್ಳೆಯದು, ಬ್ರಾಯ್ಲರ್ ಆಗುವುದಿಲ್ಲ.

ಏಪ್ರಿಲ್‌ನಲ್ಲಿ ನಮ್ಮ ಹೊಸ ವರ್ಷದ ಬಿಸು ಹಬ್ಬ ಹತ್ತಿರ ಬಂದಾಗ ನನಗೆ ಒಂದೇ ಆಸೆಯಾಯಿತು. ಆ ಮನೆಯಲ್ಲಿ ಒಂದು ಹೊತ್ತಾದರೂ ವಾರಿಜ ಕೂತು ಉಣ್ಣಬೇಕು. ಆದರೆ ಇಲ್ಲಿಯ ಅಂಗಡಿಯ ಕೋಳಿಗೆ ತಲೆಯಿಲ್ಲ, ಕಾಲಿಲ್ಲ. ಒಂದು ದಿನವೂ ಕೂಗಿದ ಹಾಗೆ ಕಾಣುವುದಿಲ್ಲ. ಬೇಲಿಯ ಹತ್ತಿರ ನಿಂತು ಇದನ್ನು ಡೇಲ್‌ಗೆ ಹೇಳಿದೆ. ಅವನು ನಗಲಿಲ್ಲ. "ಮುಂದಿನ ವಾರ ಟರ್ಕಿಯ ಸೀಸನ್ ಶುರು" ಎಂದ. ವಸಂತದ ಮೂರು ವಾರ, ಪರ್ಮಿಟ್ ಇದ್ದವರು ಕಾಡಿನ ಟರ್ಕಿಯನ್ನು ಹೊಡೆಯಬಹುದಂತೆ. ಎದೆಯಲ್ಲಿ ಗಡ್ಡ ಇರುವ ಹಕ್ಕಿಯನ್ನು ಮಾತ್ರ, ಅಂದರೆ ಹೆಚ್ಚಾಗಿ ಹುಂಜವನ್ನೇ. ನಮ್ಮ ಬೆಳುವಾಯಿಯ ಗದ್ದೆಗೆ ಈಗ ನವಿಲುಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಪೈರು ತಿಂದರೂ ಕೈ ತಟ್ಟಿ ಓಡಿಸಬೇಕು, ಮುಟ್ಟಿದರೆ ಜೈಲು. ಇಲ್ಲಿ ಒಂದು ಕಾಗದ ಇದ್ದರೆ ಮೂರು ವಾರ ಸರಿ, ನಾಲ್ಕನೆಯ ವಾರ ತಪ್ಪು.

ಅತ್ತೆಗೆ, ಅಂದರೆ ವಾರಿಜಳ ಅಮ್ಮನಿಗೆ, ಫೋನ್ ಮಾಡಿದೆ.

"ಅದು ಕೋಳಿಯಾ?" ಎಂದು ಕೇಳಿದರು.

"ಕೋಳಿಯ ಹಾಗೆಯೇ. ದೊಡ್ಡದು. ನವಿಲಿನ ಹಾಗೆ ಬಾಲ ಬಿಡಿಸ್ತದೆ."

"ಬೆಳಿಗ್ಗೆ ಕೂಗ್ತದಾ?"

"ಕೂಗ್ತದೆ."

"ಕಾಲಲ್ಲಿ ಮುಳ್ಳು ಉಂಟಾ?"

"ಉಂಟು."

"ಮತ್ತೆಂಥ, ಕೋಳಿಯೇ." ಆಮೇಲೆ ಕೇಳಿದರು: "ಆದರೆ ಇಲ್ಲಿ ಆದಿತ್ಯವಾರ ನಾವು ಅವಳಿಗೆ ಬಡಿಸ್ತೇವೆ. ಅಲ್ಲಿ ನೀವೂ ಬಡಿಸಿದರೆ ಅವಳು ಎಲ್ಲಿಗೆ ಅಂತ ಹೋಗುವುದು?"

ಕೊನೆಗೆ ಅವರೇ ಹೇಳಿದರು: "ಆಗಲಿ, ಬಡಿಸಿ. ಎರಡೆರಡು ಡ್ಯೂಟಿ ಮಾಡಿ ಅವಳಿಗೆ ಅಭ್ಯಾಸ ಉಂಟಲ್ಲ."

ಬಂದೂಕು ಡೇಲ್‌ನದು. ನನ್ನ ಕೆಲಸ ಕರೆಯುವುದು. ಅದಕ್ಕೊಂದು ಮರದ ಪುಟ್ಟ ಪೆಟ್ಟಿಗೆ ಉಂಟು. ಅದರ ಮುಚ್ಚಳಕ್ಕೆ ಚಾಕ್ ಉಜ್ಜಿ ಅಂಚಿನ ಮೇಲೆ ಎಳೆದರೆ ಹೇಂಟೆ ಕೂಗಿದ ಹಾಗೆ ಕೇಳುತ್ತದೆ. ಒಂದು ವಾರ ಮನೆಯಲ್ಲಿ ಕೂತು ಕಲಿತೆ. ಬಸ್ಸಿನಲ್ಲಿ ಸೀಟಿಗೆ ಪಳಗಿದ ಕಿವಿಗೂ ಟಿಕೆಟ್ ಹರಿದ ಕೈಗೂ ಇದು ಕಷ್ಟವಲ್ಲ.

ಮೊದಲ ದಿನ ನಾನೇ ಕೆಡಿಸಿದೆ. ಡೇಲ್ ತೋರಿಸಿದ ಜಾಗದಲ್ಲಿ ಓಕ್ ಮರಗಳು ಒತ್ತೊತ್ತಾಗಿ ನಿಂತಿದ್ದವು. ನಡುವೆ ಒಂದು ಹಳೆಯ ಮರ, ಬುಡದಲ್ಲಿ ಕಲ್ಲು, ಬಳ್ಳಿ. ಯಾರೂ ಕತ್ತಿ ಹಾಕದ ಜಾಗವೆಂದು ನೋಡಿದರೇ ಗೊತ್ತಾಗುತ್ತಿತ್ತು. ನಮ್ಮ ನಾಗಬನದ ಹಾಗೆಯೇ. ಏನೂ ಯೋಚಿಸದೆ ಶೂ, ಕಾಲುಚೀಲ ಕಳಚಿ ಹೊರಗಿಟ್ಟು ಒಳಗೆ ಹೋಗಿ ಕೂತೆ. ಹತ್ತು ನಿಮಿಷದಲ್ಲಿ ಪಾದವೆಲ್ಲ ತುರಿಸತೊಡಗಿತು. ಕೆರೆದೆ. ಎಲೆ ಸದ್ದಾಯಿತು. ಹಕ್ಕಿ ಹೋಯಿತು.

ಬೆಳಕಾದ ಮೇಲೆ ಡೇಲ್ ನನ್ನ ಕಾಲು ನೋಡಿದ. ಹನ್ನೊಂದು ಉಣ್ಣಿಗಳು. ತನ್ನ ಟ್ರಕ್ಕಿನ ಹಿಂದೆ ಕೂರಿಸಿ ಚಿಮಟಿಯಲ್ಲಿ ಒಂದೊಂದಾಗಿ ಕೀಳುತ್ತ ಕೇಳಿದ, "ಶೂ ಯಾಕೆ ತೆಗೆದೆ?"

"ಅಲ್ಲಿ ಯಾರೋ ಇದ್ದಾರೆ ಅನಿಸಿತು."

"ಇದ್ದರು" ಎಂದ. "ಹನ್ನೊಂದು ಜನ."

ಎರಡನೆಯ ದಿನ ಮಳೆ. ಮೂರನೆಯ ದಿನ, ಶನಿವಾರ, ಶೂ ಹಾಕಿಕೊಂಡೇ ಕೂತೆ. ಮನಸ್ಸಿನಲ್ಲಿ ಕ್ಷಮೆ ಕೇಳಿದೆ. ಗೂಬೆಯ ಕೂಗಿಗೆ ಟಾಮ್ ನಕ್ಕಿತು, ಬೆಳಕಾಗುವಾಗ ಮರದಿಂದ ಇಳಿಯಿತು. ನಾನು ಪೆಟ್ಟಿಗೆ ಎಳೆದೆ, ಅದು ಉತ್ತರ ಕೊಟ್ಟಿತು. ಮತ್ತೆ ಎಳೆದೆ. ಗಿಡಗಳ ಆಚೆ ಅದು ಕಾಣಿಸಿತು. ಬಾಲ ಬಿಡಿಸಿ, ರೆಕ್ಕೆಯಿಂದ ನೆಲ ಉಜ್ಜುತ್ತ ಒಂದೇ ಕಡೆ ತಿರುಗುತ್ತಿತ್ತು. ಈ ಹಕ್ಕಿಗಳಲ್ಲಿ ಹೇಂಟೆಯೇ ಹುಂಜದ ಹತ್ತಿರ ಹೋಗುವುದಂತೆ. ಅದಕ್ಕಾಗಿ ಅದು ಕಾಯುತ್ತಿತ್ತು. ಕುತ್ತಿಗೆ ಎತ್ತಿ ನಾವಿದ್ದ ಕಡೆಗೇ ನೋಡುತ್ತಿತ್ತು, ಕರೆದವಳು ಯಾಕೆ ಬರುತ್ತಿಲ್ಲ ಎಂದು.

ನನ್ನ ಕೈ ನಿಂತಿತು. ಕರೆಯಲು ಆಗಲಿಲ್ಲ. ಮನೆಯಲ್ಲಿ ಸಂಜೆ ಆರೂವರೆಗೆ ಅವಳ ಕಾರಿನ ಸದ್ದಿಗಾಗಿ ನಾನೂ ಹೀಗೆಯೇ ಕುತ್ತಿಗೆ ಎತ್ತುತ್ತಿದ್ದೆ. ಡೇಲ್ ನನ್ನ ಕಡೆ ನೋಡಲಿಲ್ಲ. ಐದು ನಿಮಿಷವಾಯಿತೋ, ಹತ್ತೋ. ಇನ್ನು ಅದು ಹೋಗಲಿ ಎಂದುಕೊಂಡೆ. ಅದು ಬಾಲ ಮಡಚಿ, ಸದ್ದಿಲ್ಲದೆ, ನೇರವಾಗಿ ನಮ್ಮ ಕಡೆಗೇ ನಡೆದು ಬಂತು. ಡೇಲ್ ಹೊಡೆದ.

"ನಿಲ್ಲಿಸಿದ್ದು ಒಳ್ಳೆಯದಾಯಿತು" ಎಂದ ಆಮೇಲೆ. "ಸ್ವರ ನಿಂತರೆ ಅವು ಹುಡುಕಿಕೊಂಡು ಬರ್ತವೆ. ಯಾರು ಕಲಿಸಿದ್ದು?"

ಯಾರೂ ಕಲಿಸಿಲ್ಲ ಎಂದೆ. ಹಕ್ಕಿಯ ಎದೆಯ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಗರಿ ದೂರದಿಂದ ಕಪ್ಪು, ಹತ್ತಿರದಿಂದ ತಾಮ್ರ. ಅದರ ಎದೆಯಿಂದ ಇಳಿದ ಕೂದಲ ಗಡ್ಡವನ್ನು ಡೇಲ್ ಎರಡು ಬೆರಳಿನಿಂದ ನೇವರಿಸಿ ಸರಿಮಾಡಿದ. ನನಗೆ ಸಂತೋಷವಾಗಲಿಲ್ಲ. ಆದರೆ ಇದನ್ನು ಹಾಳುಮಾಡಬಾರದು, ಚೆನ್ನಾಗಿ ಅಡಿಗೆ ಮಾಡಬೇಕು ಅನ್ನಿಸಿತು.

ಆದಿತ್ಯವಾರ ಸುಕ್ಕ ಮಾಡಿದೆ. ಗಟ್ಟಿ ಮಾಂಸ, ಬೇಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಅಕ್ಕಿಯ ಒಣರೊಟ್ಟಿ ಊರಿನಿಂದ ತಂದ ಕಟ್ಟಿನಲ್ಲಿ ಉಳಿದದ್ದು. ಬಾಳೆಲೆ ಪೇಟೆಯ ಅಂಗಡಿಯ ಫ್ರೀಜರಿನದು, ಬಿಡಿಸುವಾಗಲೇ ಕಪ್ಪಾಯಿತು. ಸ್ನಾನ ಮಾಡಿ, ಪ್ಯಾಂಟು ಬಿಟ್ಟು ಮುಂಡು ಉಟ್ಟೆ. ಮೇಜಿನ ಮೇಲೆ ಎಲೆ ಹಾಕಿ ಬಡಿಸಿದೆ, ಸ್ಟೀಲ್ ಲೋಟದಲ್ಲಿ ಗಂಜಿ ಇಟ್ಟೆ. ಮೇಜಿನ ಹತ್ತಿರ ಕುರ್ಚಿ ಎಳೆದಿಟ್ಟೆ. ದೀಪ ಹಚ್ಚಿದೆ. ಡೇಲ್‌ನನ್ನೂ ಕರೆದಿದ್ದೆ. ಅವನು ಟೋಪಿ ಕೈಯಲ್ಲಿ ಹಿಡಿದು ಮೂಲೆಯಲ್ಲಿ ನಿಂತಿದ್ದ. "ಈಗ ಹೊರಗೆ ಹೋಗುವ" ಎಂದೆ. ಇಬ್ಬರೂ ಜಗಲಿಗೆ ಬಂದೆವು. ಊರಿನಲ್ಲಿ ಎಳೆದ ಹಾಗೆ ಬಾಗಿಲು ಎಳೆದೆ.

ಟಕ್ ಎಂದಿತು. ಕೀ ಪ್ಯಾಂಟಿನ ಕಿಸೆಯಲ್ಲಿತ್ತು.

ಏಪ್ರಿಲ್ ತಿಂಗಳ ಸಂಜೆಯ ಗಾಳಿಗೆ ಮುಂಡು ಉಟ್ಟು ನಿಲ್ಲುವುದು ಸುಲಭವಲ್ಲ. ಡೇಲ್ ತನ್ನ ಜಾಕೆಟ್ ಕೊಟ್ಟ. ಮನೆಯ ಮಾಲೀಕಳಿಗೆ ಫೋನ್ ಮಾಡಿದ, ಅವಳು ಮಗಳ ಮನೆಯಲ್ಲಿದ್ದಳು, ಬರಲು ಒಂದು ಗಂಟೆಯಾದರೂ ಬೇಕು.

"ಅಡಿಗೆಮನೆಯ ಕಿಟಕಿ ಸಡಿಲ ಉಂಟು" ಎಂದ. "ನಾನು ಎತ್ತಿ ತೆಗೆಯಬಹುದು."

"ಬೇಡ."

"ಎಷ್ಟು ಹೊತ್ತು ಕಾಯುವ ಕ್ರಮ?"

"ಒಬ್ಬರು ಉಣ್ಣುವಷ್ಟು ಹೊತ್ತು."

ಅವನಿಗೂ ವಾರಿಜಳ ಊಟ ಗೊತ್ತಿತ್ತು. "ಹಾಗಾದರೆ ನಾಲ್ಕು ನಿಮಿಷ ಆಗಿ ಹೋಯಿತು" ಎಂದ.

"ಅದಕ್ಕೇ ಬೇಡ ಹೇಳಿದ್ದು. ಇವತ್ತು ಯಾರೂ ಅವಳನ್ನು ಎಬ್ಬಿಸುವುದು ಬೇಡ."

ಡೇಲ್ ಕಿಟಕಿಯ ಕಡೆ ಒಮ್ಮೆ ನೋಡಿ, ಮೆಟ್ಟಿಲ ಮೇಲೆ ಕೂತ. ನಾನೂ ಕೂತೆ. ಒಳಗೆ ದೀಪದ ಬೆಳಕು ಪರದೆಯ ಮೇಲೆ ಅಲ್ಲಾಡುತ್ತಿತ್ತು. ಮಾಲೀಕಳು ಬಂದು ಕೀ ಹಾಕುವಾಗ ಒಂದೂಕಾಲು ಗಂಟೆ ಕಳೆದಿತ್ತು. ತಿರುಗಿಸುವ ಮೊದಲು ಅವಳ ಕೈ ತಡೆದು, ಬಾಗಿಲು ತಟ್ಟಿ ಕೆಮ್ಮಿದೆ. ಡೇಲ್ ಕೂಡ ಕೆಮ್ಮಿದ.

ಎಲೆ ಇದ್ದ ಹಾಗೆಯೇ ಇತ್ತು. ಗಂಜಿ ತಣಿದಿತ್ತು. ಮೂವರೂ ಕೂತು ಉಂಡೆವು.

ಅಲ್ಲಿ ಬೆಳಿಗ್ಗೆಯಾದಾಗ ಅತ್ತೆಗೆ ಫೋನ್ ಮಾಡಿದೆ. ಬಾಗಿಲು ಎಷ್ಟು ಹೊತ್ತು ಹಾಕಿದ್ದಿರಿ ಎಂದು ಕೇಳಿದರು. ಹೇಳಿದೆ, ಕೀಯ ವಿಷಯವನ್ನೂ ಹೇಳಿದೆ.

"ನಾವು ಐದು ನಿಮಿಷಕ್ಕೆ ತೆಗೆದೆವು. ಇವರಿಗೆಲ್ಲ ಹಸಿವು." ಮತ್ತೆ ಹೇಳಿದರು: "ಹಾಗಾದರೆ ಊಟ ಅಲ್ಲಿಯೇ ಆಗಿರಬೇಕು. ಇಲ್ಲಿಗೆ ನಮ್ಮನ್ನೆಲ್ಲ ಒಮ್ಮೆ ನೋಡಿ ಹೋಗಲು ಬಂದಿರಬಹುದು."

ನಾನು ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಊರಿಗೆ ಹೋಗಿ ಬಂದೆ. ಮೆಲ್ಕಾರಿನ ಜಗಲಿಯಲ್ಲಿ ಕೂತು ಮಿಸೌರಿಯ ವಿಷಯ ಮಾತಾಡುವಾಗ 'ನಮ್ಮಲ್ಲಿ ಈಗ ಬಿಸಿಲು' ಎಂದು ಬಾಯಿಗೆ ಬಂತು. ಹೊರಗೆ ಮಳೆ ಸುರಿಯುತ್ತಿತ್ತು. ಅತ್ತೆ ಚಹಾ ತಂದಿಟ್ಟರು. ಇಲ್ಲಿ ಶಾಲೆಯಲ್ಲಿ ಮಾತಾಡುವಾಗ 'ನಮ್ಮಲ್ಲಿ' ಎಂದರೆ ಎಲ್ಲರೂ ನಾನು ಇಂಡಿಯಾದ ವಿಷಯ ಹೇಳುತ್ತಿದ್ದೇನೆಂದು ತಿಳಿಯುತ್ತಾರೆ. ಹೆಚ್ಚಾಗಿ ಅದು ಸರಿಯೂ ಹೌದು.

ಈ ವರ್ಷದ ಸೀಸನ್ ಮೊನ್ನೆ ಮುಗಿಯಿತು. ಎರಡನೆಯ ವಾರ ಒಂದು ಹಕ್ಕಿ ಸಿಕ್ಕಿತು, ಸಣ್ಣದು. ಮುಂಡು ಉಟ್ಟು, ಬಡಿಸಿ, ಡೇಲ್‌ನ ಜೊತೆ ಜಗಲಿಗೆ ಬಂದೆ. ಬಾಗಿಲಿಗೆ ಕೈ ಹಾಕಿದಾಗ ಅವನು ಕೇಳಿದ, "ಕೀ ಎಲ್ಲಿ ಉಂಟು?"

"ಒಳಗೆ" ಎಂದೆ. ಬಾಗಿಲು ಎಳೆದೆ.

ಅವನು ತನ್ನ ಮನೆಗೆ ಹೋಗಿ ಎರಡು ಕುರ್ಚಿ ತಂದ.