ಗೋಡೆಯ ಬಾಯಿಗೆ ಹಾಸಿಗೆ

ಊರಿಗೆಲ್ಲ ನಿದ್ದೆ ಹೊಲಿದುಕೊಟ್ಟವಳು ಹಾಸಿಗೆ ಅತ್ತೆ. ಅವಳು ಹೊಲಿದ ಹಾಸಿಗೆಯಲ್ಲಿ ಗಂಟು ಹುಡುಕುವುದೂ ಒಂದೇ, ಮೊಸರಿನಲ್ಲಿ ಕಲ್ಲು ಹುಡುಕುವುದೂ ಒಂದೇ. ಅಂಥವಳ ಹತ್ತಿ ಕೋಣೆಯಲ್ಲೇ ಸುತ್ತಲ ಹತ್ತೂರಿನ ನಿದ್ದೆ ಕೆಡಿಸಿದ ರಾಕ್ ಬ್ಯಾಂಡ್ ಹುಟ್ಟಿತು ನೋಡಿ!

ಡ್ರಮ್ ಬಾರಿಸುವವಳು ಅತ್ತೆಯ ಮಗಳು. ಹತ್ತಿ ಬಡಿಯಲು ಕೋಲು ಕೊಟ್ಟರೆ ಹತ್ತಿ ಬಿಟ್ಟು ಡಬ್ಬ ಬಡಿಯುತ್ತಿದ್ದ ಹುಡುಗಿ. ಹಾಡುವವನು ಅತ್ತೆಯ ಅಣ್ಣನ ಮಗ. ಗಿಟಾರಿಗೆ ಪಕ್ಕದ ಸೈಕಲ್ ಅಂಗಡಿಯ ಅವಳಿಗಳು. ಸೂರು ಮುಟ್ಟುವ ಹತ್ತಿ ಮೂಟೆಗಳ ನಡುವೆ ಇವರು ವರ್ಷಗಟ್ಟಲೆ ಅರಚಿದರೂ ಬೀದಿಗೆ ಪಿಟ್ಟೆನ್ನುವ ಸದ್ದು ಬರಲಿಲ್ಲ.

ಕೊನೆಗೊಮ್ಮೆ ಊರಿನ ದೊಡ್ಡ ಹಾಲ್ ಸಿಕ್ಕಿತು. ಟಿಕೆಟ್ ಎಲ್ಲ ಖರ್ಚಾಯಿತು. ಕಾರ್ಯಕ್ರಮದ ದಿನ ಮಧ್ಯಾಹ್ನ ತಾಲೀಮಿಗೆ ನಿಂತರೆ ಬೋಳು ಗೋಡೆಗಳು ಪ್ರತಿ ಪೆಟ್ಟನ್ನೂ ವಾಪಸ್ ಎಸೆದವು. ಹತ್ತಿಯಲ್ಲೇ ಬೆಳೆದ ಮಕ್ಕಳು. ತಮ್ಮ ಸದ್ದು ಹೀಗೆ ತಿರುಗಿ ಬಂದದ್ದನ್ನು ಕೇಳಿದವರೇ ಅಲ್ಲ. ತಾಳ ಎತ್ತಲೋ, ಹಾಡು ಎತ್ತಲೋ ಓಡಿತು.

"ಸಂಜೆಯೊಳಗೆ ಸರಿಯಾಗದಿದ್ರೆ ಟಿಕೆಟ್ ದುಡ್ಡು ವಾಪಸ್ ಕೊಟ್ಟು ಬಾಗಿಲು ಹಾಕ್ತೀನಿ," ಎಂದ ಹಾಲ್ ಮ್ಯಾನೇಜರು.

ಮಗಳು ಕೋಲು ಕೆಳಗಿಟ್ಟಳು. "ನಮ್ಮದು ಕೋಣೆಯೊಳಗಿನ ಬ್ಯಾಂಡು ಅಷ್ಟೇ ಅಮ್ಮಾ. ನಾಳೆಯಿಂದ ನಾನೂ ಸೂಜಿ ಹಿಡೀತೀನಿ."

ಬೆರಳು ತುಂಬ ಸೂಜಿಗಾಯವಿದ್ದ ಅತ್ತೆಗೆ ಈ ಮಾತು ಎದೆಗೇ ಚುಚ್ಚಿತು. "ಸೂಜಿ ಹಿಡಿಯೋಕೆ ನಾನಿನ್ನೂ ಗಟ್ಟಿಮುಟ್ಟಾಗಿದ್ದೀನಿ," ಎನ್ನುತ್ತ ಹಾಲಿನ ನಡುವೆ ನಿಂತು ಚಪ್ಪಾಳೆ ತಟ್ಟಿದಳು. ಗೋಡೆಯೂ ತಟ್ಟಿತು.

"ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ. ಇದಕ್ಕೆ ಬಾಯೂ ಇದೆಯಲ್ಲೋ! ದೊಡ್ಡವರಿಗೇ ಎದುರು ಮಾತಾಡ್ತಿದೆ. ತುರುಕ್ರೋ ಹತ್ತಿ!"

ಹೊರಗೆ ಅತ್ತೆಯ ಗಂಡನ ಗಾಡಿಯಲ್ಲಿ ಹಾಸ್ಟೆಲಿಗೆ ಹೊಲಿದ ಹೊಸ ಹಾಸಿಗೆಗಳಿದ್ದವು. ಅವನು ಅಡ್ಡ ನಿಂತ. "ಲೇ, ಇವನ್ನ ಈಗ ತಲುಪಿಸಬೇಕು ಕಣೇ! ಹಾಸ್ಟೆಲ್ ಹುಡುಗರು ಎಲ್ಲಿ ಮಲಗಬೇಕು?"

"ಅವರೆಲ್ಲ ಟಿಕೆಟ್ ತಗೊಂಡು ಇಲ್ಲೇ ಬರ್ತಿದ್ದಾರೆ. ಇವತ್ತು ಯಾರು ಮಲಗ್ತಾರೆ? ಇಳಿಸ್ರೀ!"

ಮೂರು ಗೋಡೆಗೂ ಹಾಸಿಗೆ ಏರಿದವು. ಅತ್ತೆ ಮತ್ತೆ ಚಪ್ಪಾಳೆ ತಟ್ಟಿದಳು. ಗೋಡೆ ಬಾಯಿ ಮುಚ್ಚಿಕೊಂಡಿತ್ತು. ಮಗಳು ಓಡಿಹೋಗಿ ಕೋಲು ಎತ್ತಿಕೊಂಡಳು.

ಆ ಸಂಜೆಯ ಕುಣಿತ ಏನು ಹೇಳಲಿ! ಮ್ಯಾನೇಜರೇ ಕುರ್ಚಿ ಹತ್ತಿ ಕುಣಿದ. ಇಂದಿಗೂ ಆ ಬ್ಯಾಂಡ್ ಹೋದ ಊರಲ್ಲೆಲ್ಲ ಗಿಟಾರಿಗಿಂತ ಮೊದಲು ಇಳಿಯುವುದು ಹಾಸಿಗೆ.

ಅಂದು ರಾತ್ರಿ ಜನ ಕರಗಿದ ಮೇಲೆ ಬೆವರಿನಲ್ಲಿ ತೊಯ್ದ ಮಗಳು ಅಮ್ಮನನ್ನು ತಬ್ಬಿಕೊಂಡಳು. "ಹಾಗಾದ್ರೆ ಸೂಜಿ ಹಿಡಿಯೋದು ಬೇಡ ತಾನೇ?"

"ನಾಳೆ ಒಂದು ದಿನ ಹಿಡಿಯಮ್ಮ," ಎಂದಳು ಅತ್ತೆ. "ನಿನ್ನ ತಾಳಕ್ಕೆ ಆ ಹಾಸ್ಟೆಲ್ ಹುಡುಗರು ಕುಣಿದು ಕುಣಿದು, ಗೋಡೆಗೆ ಬಿದ್ದು ಎರಡು ಹಾಸಿಗೆ ಹರಿದು ಹಾಕಿದ್ದಾರೆ."